ಮರೆತ ವಿದ್ಯೆಯ ಅರ್ಧಾಯು

ಕಳೆದ ವರ್ಷ ಮನೆ ಬದಲಾಯಿಸುವಾಗ ಹಳೆಯ ಟ್ರಂಕೊಂದರ ತಳದಲ್ಲಿ ಎರಡು ನೋಟುಪುಸ್ತಕಗಳು ದೊರೆತುವು. ಅವುಗಳ ಪುಟಗಳಲ್ಲಿ ಚೌಕಗಳನ್ನು ಗೆರೆಯೆಳೆದು, ಚೌಕಕ್ಕೊಂದರಂತೆ ಜಪಾನೀ ಅಕ್ಷರಗಳನ್ನು ತುಂಬಿದ್ದಿತು. ಬರವಣಿಗೆ ನನ್ನದೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಬರೆದುದೇನೆಂಬುದು ಮಾತ್ರ ನನಗೆ ತಿಳಿಯಲಿಲ್ಲ. ತನ್ನ ಕೈಬರಹವನ್ನೇ ತಾನು ಓದಲಾರದವನ ಪಾಡು ಎಂತಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಎಂ.ಎಸ್‌ಸಿ. ತರಗತಿಯಲ್ಲಿದ್ದಾಗ ನಾನು ಸಂಜೆಯ ಪಾಠಗಳಿಗೆ ಹೋಗಿ ಸುಮಾರು ಎರಡು ವರ್ಷ ಜಪಾನೀ ಭಾಷೆಯನ್ನು ಕಲಿತಿದ್ದೆ. ಅದಕ್ಕೆ ಕಾರಣ ತೊಮೊನಾಗಾ ಶಿನ್‌ಇಚಿರೋ. ವಿದ್ಯುತ್ತು ಮತ್ತು ಬೆಳಕಿನ ಕ್ವಾಂಟಂ ಸಿದ್ಧಾಂತವನ್ನು ಕುರಿತು ಅವರು ಬರೆದ ಒಂದು ಮುಖ್ಯ ಪ್ರಬಂಧ 1943ರಲ್ಲಿ ಜಪಾನೀ ಭಾಷೆಯಲ್ಲಿ ಅಚ್ಚಾಯಿತು. ಆಗ ಯುದ್ಧಕಾಲ. ಅದರ ಇಂಗ್ಲಿಷ್ ರೂಪ ಹೊರಬಂದುದು 1946ರಲ್ಲಿ. 1965ರಲ್ಲಿ ಶ್ವಿಂಗರ್ ಮತ್ತು ಫೈನ್‌ಮನ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಜ್ಞಾನಿಯ ಬರಹವೊಂದು ಮೂರು ವರ್ಷ ಭಾಷೆಯ ಗೋಡೆಯ ಹಿಂದೆ ಉಳಿದಿತ್ತೆಂಬ ಸಂಗತಿ ಆ ವಯಸ್ಸಿನಲ್ಲಿ ನನ್ನ ಮನಸ್ಸನ್ನು ಹಿಡಿಯಿತು. ಅವರ ಪುಸ್ತಕವೊಂದನ್ನಾದರೂ ಮೂಲದಲ್ಲಿ ಓದಬೇಕೆಂದು ತೊಡಗಿದೆ. ಆಮೇಲೆ ಉದ್ಯೋಗ, ಸಂಸಾರ, ಉತ್ತರಪತ್ರಿಕೆಗಳ ಕಟ್ಟು. ಹತ್ತು ವರ್ಷ ಕಳೆದುದು ತಿಳಿಯಲೇ ಇಲ್ಲ.

ನೋಟುಪುಸ್ತಕಗಳು ಸಿಕ್ಕಿದ ವಾರದಲ್ಲಿಯೇ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಬಂದನು. ತಂದೆಯ ಕಾಯಿಲೆಯಿಂದ ಓದನ್ನು ನಿಲ್ಲಿಸಿ, ಎರಡು ವರ್ಷ ಅಂಗಡಿಯನ್ನು ನೋಡಿಕೊಂಡು, ಮತ್ತೆ ಕಾಲೇಜಿಗೆ ಸೇರಿದ್ದವನು. “ಕಲನಶಾಸ್ತ್ರವೆಲ್ಲ ಹೋಗಿಬಿಟ್ಟಿದೆ ಸಾರ್. ಮೊದಲಿನಿಂದ ತೊಡಗಬೇಕೆ, ಇಲ್ಲ ಬಿಟ್ಟೇಬಿಡಲೆ?” ಎಂದು ಕೇಳಿದನು. “ಹೋಗಿಲ್ಲ, ಒಳಗೆ ಇದೆ” ಎಂದು ನಾನು ಧೈರ್ಯ ಹೇಳಿ ಕಳುಹಿಸಿದೆ. ಅವನು ಹೋದ ಮೇಲೆ ನಾಚಿಕೆಯಾಯಿತು. ಆ ಮಾತಿಗೆ ನನ್ನ ಬಳಿ ಆಧಾರವೇನಿದ್ದಿತು? ಭೌತಶಾಸ್ತ್ರವನ್ನು ಬೋಧಿಸುವವನು ಅಳತೆಯಿಲ್ಲದ ಮಾತನ್ನು ಆಡಬಾರದು. ಮರೆವಿಗೆ ಅಳತೆಯುಂಟೆ?

ಉಂಟು. ಅದನ್ನು ಮೊದಲು ಅಳೆದವನು ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. 1885ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿನ ಪ್ರಯೋಗಗಳಿಗೆಲ್ಲ ಪ್ರಯೋಗಪಶು ಅವನೊಬ್ಬನೇ. ಅರ್ಥವುಳ್ಳ ಪದಗಳಾದರೆ ಹಳೆಯ ನೆನಪುಗಳು ಸೇರಿಕೊಂಡು ಅಳತೆಯನ್ನು ಕೆಡಿಸುತ್ತವೆಂದು ಅವನು ಅರ್ಥವಿಲ್ಲದ ಸುಮಾರು 2300 ಪದಾಂಶಗಳನ್ನು ಕಟ್ಟಿದನು. ಅವುಗಳಿಂದ ಸಾಲುಗಳನ್ನು ಮಾಡಿ, ತಪ್ಪಿಲ್ಲದೆ ಹೇಳುವವರೆಗೆ ಬಾಯಿಪಾಠ ಮಾಡಿ, ಹಿಡಿದ ಕಾಲವನ್ನು ಗುರುತಿಸಿಕೊಂಡನು. ಕೆಲವು ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ ಅದೇ ಸಾಲುಗಳನ್ನು ಮತ್ತೆ ಕಲಿತನು.

ಅವನ ಜಾಣತನವಿರುವುದು ಇಲ್ಲಿಯೇ. “ನೆನಪಿದೆಯೆ?” ಎಂದು ಅವನು ಕೇಳಲಿಲ್ಲ, “ಮತ್ತೆ ಕಲಿಯಲು ಎಷ್ಟು ಕಾಲ ಬೇಕು?” ಎಂದು ಕೇಳಿದನು. ಮೊದಲ ಸಲ 20 ನಿಮಿಷ ಹಿಡಿದ ಪಾಠಕ್ಕೆ ಎರಡನೆಯ ಸಲ 15 ನಿಮಿಷ ಸಾಕಾದರೆ 5 ನಿಮಿಷ, ಎಂದರೆ ನೂರಕ್ಕೆ 25ರಷ್ಟು ಉಳಿತಾಯ. ಒಂದು ಪದಾಂಶವೂ ಬಾಯಿಗೆ ಬಾರದಿರುವಾಗಲೂ ಉಳಿತಾಯವಿರಬಹುದು. ಬಾಯಿಗೆ ಬಾರದ ನೆನಪನ್ನು ಅಳೆಯುವ ಉಪಕರಣವೊಂದು ಹೀಗೆ ಮಾನವನ ಕೈಗೆ ಬಂದಿತು.

ಅವನಿಗೆ ದೊರೆತ ಅಂಕಿಗಳು ಹೀಗಿವೆ: 19 ನಿಮಿಷಗಳ ಅನಂತರ ಉಳಿತಾಯ ನೂರಕ್ಕೆ 58, 63 ನಿಮಿಷಗಳ ಅನಂತರ 44, ಒಂದು ದಿನದ ಮೇಲೆ 34, ಎರಡು ದಿನಗಳ ಮೇಲೆ 28, ಆರು ದಿನಗಳಿಗೆ 25, 31 ದಿನಗಳಿಗೆ 21. ಮೊದಲ ಗಂಟೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುವುದೆಂದು ಎಲ್ಲರೂ ಈ ಅಂಕಿಗಳನ್ನು ನೋಡಿ ಗಾಬರಿಗೊಳ್ಳುವರು. ಆದರೆ ಪಟ್ಟಿಯ ಕೊನೆಯ ತುದಿ ಹೇಳುವ ಸಂಗತಿಯು ಇನ್ನೂ ಸ್ವಾರಸ್ಯವಾದುದು. ಅದನ್ನು ಕಾಣಲು ಸ್ವಲ್ಪ ಲೆಕ್ಕ ಮಾಡಬೇಕು.

ವಿಕಿರಣಶೀಲ ವಸ್ತುವಿಗೆ ಅರ್ಧಾಯು ಎಂಬುದುಂಟೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅಯೊಡಿನ್-131ರ ಅರ್ಧಾಯು ಸುಮಾರು 8 ದಿನ. ಈಗಿರುವುದರಲ್ಲಿ ಅರ್ಧ 8 ದಿನಗಳಲ್ಲಿ, ಉಳಿದುದರಲ್ಲಿ ಅರ್ಧ ಮತ್ತೆ 8 ದಿನಗಳಲ್ಲಿ ಕ್ಷಯಿಸುವುದು. ಈ ಅವಧಿ ಎಂದಿಗೂ ಬದಲಾಗದು. ನೆನಪೂ ಈ ನಿಯಮವನ್ನೇ ಪಾಲಿಸುವುದೆಂದು ಊಹಿಸೋಣ. 19ನೆಯ ನಿಮಿಷದಿಂದ 63ನೆಯ ನಿಮಿಷದೊಳಗೆ ಉಳಿತಾಯವು 58ರಿಂದ 44ಕ್ಕೆ ಇಳಿಯಿತಷ್ಟೆ. ಇದರಿಂದ ಅರ್ಧಾಯು ಸುಮಾರು 110 ನಿಮಿಷವೆಂದು ಬರುವುದು. ಆ ಲೆಕ್ಕದಂತೆ ಅಲ್ಲಿಂದ ಒಂದು ದಿನ ತುಂಬುವುದರೊಳಗೆ ಹನ್ನೆರಡಕ್ಕೂ ಹೆಚ್ಚು ಅರ್ಧಾಯುಗಳು ಕಳೆದು, ನೂರಕ್ಕೆ 0.01ರಷ್ಟೂ ಉಳಿಯಬಾರದು. ಎಬಿಂಗ್‌ಹೌಸನಿಗೆ ಉಳಿದುದಾದರೋ 34! ಈಗ ಒಂದನೆಯ ದಿನದಿಂದ 31ನೆಯ ದಿನದವರೆಗಿನ ಅಂಕಿಗಳನ್ನು ತೆಗೆದುಕೊಂಡರೆ, 34 ಎಂಬುದು 21 ಆಗಲು 30 ದಿನಗಳು ಹಿಡಿದಿವೆ. ಅರ್ಧಾಯು ಸುಮಾರು 43 ದಿನಗಳು. ಎರಡು ಗಂಟೆಗಿಂತ ಕಡಮೆಯಿದ್ದ ಅರ್ಧಾಯು ಒಂದು ತಿಂಗಳೊಳಗೆ 43 ದಿನಗಳಿಗೆ ಬೆಳೆದುಬಿಟ್ಟಿದೆ! ಎಂದರೆ ಮರೆವು ತಾನೇ ದಣಿಯುವುದು. ಎರಡು ನೆನಪುಗಳು ಈಗ ಸಮಬಲದವಾಗಿದ್ದರೆ, ಹಳೆಯದು ಹೊಸದಕ್ಕಿಂತ ನಿಧಾನವಾಗಿ ಕುಗ್ಗುವುದೆಂದು ಅಡಾಲ್ಫ್ ಯೋಸ್ಟ್ ಎಂಬುವನು 1897ರಲ್ಲಿ ನಿಯಮವನ್ನೇ ಹೇಳಿದನು. ಹೊಸದಾಗಿ ಓದಿದರೆ ಹೆಚ್ಚು ಲಾಭ ಪಡೆಯುವುದೂ ಹಳೆಯದೇ ಎಂಬುದು ಅವನ ನಿಯಮದ ಇನ್ನೊಂದು ಭಾಗ.

ಹೀಗೇಕೆ? ಭೌತಶಾಸ್ತ್ರದಲ್ಲಿಯೇ ಒಂದು ಹೋಲಿಕೆಯಿದೆ. ಅಯೊಡಿನ್-131 ಮತ್ತು ಸೀಸಿಯಂ-137 ಇವೆರಡೂ ಬೆರೆತ ವಸ್ತುವನ್ನು ಭಾವಿಸಿ. ಎರಡನೆಯದರ ಅರ್ಧಾಯು ಸುಮಾರು 30 ವರ್ಷ. 80 ದಿನಗಳಲ್ಲಿ ಅಯೊಡಿನ್ 1024ರಲ್ಲಿ ಒಂದು ಪಾಲಿಗೆ ಇಳಿಯುವುದು. ಸೀಸಿಯಂ ಹೆಚ್ಚುಕಡಮೆ ಇದ್ದಂತೆಯೇ ಇರುವುದು. ಮಿಶ್ರಣವೆಂದು ತಿಳಿಯದೆ ಅಳೆಯುವವನಿಗೆ ವಸ್ತುವಿನ ಅರ್ಧಾಯು ದಿನೇದಿನೇ ಬೆಳೆಯುತ್ತಿರುವಂತೆ ತೋರುವುದು. ನಾವು ಕಲಿತುದೂ ಇಂತಹ ಮಿಶ್ರಣವಿರಬಹುದು: ಅದರ ಬಹುಭಾಗ ಗಂಟೆಗಳಲ್ಲಿ ಹಾರಿಹೋಗುವಂತಹುದು, ಸ್ವಲ್ಪ ಭಾಗ ದಶಕಗಳ ಕಾಲ ನಿಲ್ಲುವಂತಹುದು. ಹೋಲಿಕೆಯನ್ನು ಬಹುದೂರ ಎಳೆಯಬಾರದು. ಪರಮಾಣುವನ್ನು ಮತ್ತೆ ಓದಿಸಿ ಗಟ್ಟಿಮಾಡಲು ಯಾರಿಂದಲೂ ಆಗದು.

ಎಬಿಂಗ್‌ಹೌಸನ ಪಟ್ಟಿ ತಿಂಗಳಿಗೆ ನಿಂತಿತು. ನನ್ನ ವಿರಾಮ ಹತ್ತು ವರ್ಷದ್ದು. ಅಷ್ಟು ದೀರ್ಘವಾದ ಮರೆವನ್ನು ಅಳೆದವನು ಅಮೆರಿಕದ ಹ್ಯಾರಿ ಬಾರಿಕ್. 1984ರಲ್ಲಿ ಪ್ರಕಟವಾದ ಅವನ ಅಧ್ಯಯನದಲ್ಲಿ ಶಾಲಾಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿತಿದ್ದ, ಕಲಿಯುತ್ತಿದ್ದ 733 ಮಂದಿ ಪರೀಕ್ಷೆಗೆ ಕುಳಿತರು. ಅವರಲ್ಲಿ ಕಲಿತು 50 ವರ್ಷಗಳಾದವರೂ ಇದ್ದರು. ಬಹುಮಂದಿ ನಡುವೆ ಆ ಭಾಷೆಯನ್ನು ಬಳಸಿಯೇ ಇರಲಿಲ್ಲ. ಮೊದಲ ಮೂರರಿಂದ ಆರು ವರ್ಷಗಳಲ್ಲಿ ಜ್ಞಾನವು ವೇಗವಾಗಿ ಕುಸಿಯುವುದೆಂದೂ, ಬಳಿಕ ಸುಮಾರು 30 ವರ್ಷಗಳವರೆಗೆ ಹೆಚ್ಚಿನ ನಷ್ಟವಿಲ್ಲದೆ ನಿಲ್ಲುವುದೆಂದೂ ಅವನು ಕಂಡನು. ಎಷ್ಟು ಉಳಿಯುವುದೆಂಬುದನ್ನು ನಿರ್ಧರಿಸುವುದು ಮೊದಲು ಎಷ್ಟು ಚೆನ್ನಾಗಿ ಕಲಿತಿದ್ದರೆಂಬುದು. ಧ್ರುವಪ್ರದೇಶದಲ್ಲಿ ಬೇಸಗೆಯಲ್ಲಿಯೂ ಕರಗದೆ ನೆಲದಡಿಯಲ್ಲಿ ಉಳಿಯುವ ಹಿಮದ ಹೆಸರನ್ನೇ ಅನುಸರಿಸಿ ಅವನು ಈ ಉಳಿಕೆಗೆ ಹೆಸರಿಟ್ಟನು. ನಾವು ಅದನ್ನು ಚಿರಸ್ಮೃತಿ ಎನ್ನೋಣ.

ಇಷ್ಟನ್ನು ಓದಿಕೊಂಡು ನಾನೂ ನನ್ನನ್ನೇ ಪ್ರಯೋಗಪಶುವನ್ನಾಗಿ ಮಾಡಿಕೊಂಡೆನು. ಹಳೆಯ ನೋಟುಪುಸ್ತಕಗಳಲ್ಲಿ ಪ್ರತಿ ಪಾಠಕ್ಕೂ ದಿನಾಂಕವಿದ್ದುದು ಅನುಕೂಲವಾಯಿತು. ಜಪಾನೀ ಬರವಣಿಗೆಯಲ್ಲಿ ಹಿರಗಾನ, ಕತಕಾನ ಎಂಬ ಎರಡು ಉಚ್ಚಾರಣಾಲಿಪಿಗಳಿವೆ. ಒಂದೊಂದರಲ್ಲಿಯೂ 46 ಮೂಲಾಕ್ಷರಗಳು. ಇವಲ್ಲದೆ ಚೀನದಿಂದ ಬಂದ ಕಾಂಜಿ ಎಂಬ ಪದಚಿಹ್ನೆಗಳು. 2010ರಲ್ಲಿ ಪರಿಷ್ಕೃತವಾದ ನಿತ್ಯೋಪಯೋಗದ ಪಟ್ಟಿಯಲ್ಲಿ ಅವು 2136. ಎರಡು ಉಚ್ಚಾರಣಾಲಿಪಿಗಳನ್ನು ಕಲಿಯಲು ಮೊದಲು ನನಗೆ 24 ದಿನಗಳು ಹಿಡಿದಿದ್ದುವು. ಈ ಸಲ ಮೂರೇ ದಿನ. ಉಳಿತಾಯ ನೂರಕ್ಕೆ 87. ಕಾಂಜಿಗಳಲ್ಲಿ ನಾನು 320ನ್ನು ಕಲಿತಿದ್ದೆ. ಮತ್ತೆ ತೊಡಗುವ ಮುನ್ನ ಪರೀಕ್ಷಿಸಿಕೊಂಡಾಗ, ನೋಡಿ ಅರ್ಥ ಹೇಳಲಾದುವು 131. ನೋಡದೆ ಬರೆಯಲಾದುವು ಹತ್ತೊಂಬತ್ತೇ. ಮೊದಲು 80 ದಿನ ಹಿಡಿದಿದ್ದ ಆ ಪಾಠ ಈಗ 44 ದಿನಗಳಲ್ಲಿ ಮುಗಿಯಿತು, ಉಳಿತಾಯ 45. ಒಬ್ಬನ ಮೇಲೆ ಮಾಡಿದ, ಅದೂ ಮೊದಲ ಸಲ ತರಗತಿಯ ವೇಗಕ್ಕೆ ಕಟ್ಟುಬಿದ್ದಿದ್ದ ಅಳತೆಯಿದು; ಇದನ್ನು ವಿಜ್ಞಾನವೆಂದು ಯಾರೂ ಭ್ರಮಿಸಬಾರದು. ಆದರೂ ಒಂದು ಪ್ರಶ್ನೆ ಉಳಿಯಿತು. ಒಂದೇ ತಲೆ, ಒಂದೇ ಹತ್ತು ವರ್ಷ. ಲಿಪಿಗೆ 87, ಕಾಂಜಿಗೆ 45 ಏಕೆ? ವ್ಯಾಕರಣವಂತೂ ಮರೆತೇ ಇರಲಿಲ್ಲ!

ಲಿಪಿಯನ್ನು ದಿನವೂ ಬರೆದಿದ್ದೆನೆಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕನ್ನಡ. ಜಪಾನೀ ವರ್ಣಮಾಲೆಯ ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ ಬರುತ್ತವೆ. ಇದನ್ನು ಕೇಳಿದ ಕನ್ನಡಿಗನಿಗೆ ಪರಿಚಿತರ ಮುಖವನ್ನು ಜನಸಂದಣಿಯಲ್ಲಿ ಕಂಡಂತಾಗುವುದು. ಆ ಪರಿಚಯ ನಿಜವಾದುದು. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸಮಾಡುತ್ತಿದ್ದರು. 806ರಲ್ಲಿ ಚೀನದಿಂದ ಹಿಂದಿರುಗಿದ ಕೂಕಾಯಿ ಎಂಬ ಭಿಕ್ಷು ಆ ವಿದ್ಯೆಯನ್ನು ಜಪಾನಿಗೆ ತಂದವರಲ್ಲಿ ಪ್ರಮುಖನು. ಆ ಅಭ್ಯಾಸದಿಂದಲೇ ಜಪಾನೀ ಅಕ್ಷರಗಳಿಗೆ ಈ ಕ್ರಮ ಬಂದಿತು. ನಮ್ಮ ತವರ್ಗದ ತ ಮತ್ತು ನ ಅಲ್ಲಿ ಜೊತೆಯಾಗಿಯೇ ಇವೆ. ಆದರೆ ಮ ಎಂಬುದರ ಹಿಂದೆ ಹ ಏಕೆ? ಪ್ರಾಚೀನ ಜಪಾನಿಯಲ್ಲಿ ಇಂದಿನ ಹಕಾರದ ಉಚ್ಚಾರಣೆ ಪಕಾರವಾಗಿದ್ದಿತು. ಪ, ಮ ಎಂದು ಓದಿಕೊಂಡರೆ ನಮ್ಮ ಪವರ್ಗವೇ ಎದುರಿಗೆ ನಿಲ್ಲುವುದು. ಪಕಾರವು ಹಕಾರವಾಗುವುದು ಕನ್ನಡಿಗರಿಗೆ ಆಶ್ಚರ್ಯದ ಸಂಗತಿಯಲ್ಲ. ಹಳಗನ್ನಡದ ಪಾಲು ಇಂದು ಹಾಲಾಗಿದೆ, ಪಾವು ಹಾವಾಗಿದೆ.

ವಾಕ್ಯರಚನೆಯಲ್ಲಿ ಈ ನೆಂಟಸ್ತಿಕೆ ಇನ್ನೂ ಗಾಢವಾಗಿ ತೋರುವುದು. ಇಂಗ್ಲಿಷ್ ಬಲ್ಲವರು ಜಪಾನೀ ವಾಕ್ಯವನ್ನು ತಲೆಕೆಳಗಾಗಿ ಕಟ್ಟಬೇಕೆಂದು ಗೊಣಗುವರು. ಕನ್ನಡಿಗನಿಗೆ ಆ ಕಷ್ಟವೇ ಇಲ್ಲ. ಕ್ರಿಯಾಪದ ಕೊನೆಗೆ ಬರುವುದು. ವಿಭಕ್ತಿಸೂಚಕ ನಾಮಪದದ ಹಿಂದೆ ಬರುವುದು. “ನಾನು ನಿನ್ನೆ ಓದಿದ ಪುಸ್ತಕ” ಎಂಬುದು “ವತಶಿ ಗ ಕಿನೋ ಯೊಂದ ಹೊನ್”. ಪದಕ್ಕೆ ಪದವಿಟ್ಟರೆ ಸಾಕು. ನಮ್ಮ “ಎಂದು” ಎಂಬುದರ ಕೆಲಸವನ್ನು ಅಲ್ಲಿ “ತೊ” ಎಂಬ ಚಿಕ್ಕ ಅವ್ಯಯ ಮಾಡುವುದು. ನನ್ನನ್ನು ಬೆರಗುಗೊಳಿಸಿದುದು ಕೂಡುಕ್ರಿಯೆಗಳು. ರುಚಿ ತಿಳಿಯಲು ನಾವು “ತಿಂದು ನೋಡು” ಎನ್ನುತ್ತೇವಷ್ಟೆ. ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಜಪಾನಿಯರು “ತಬೆತೆ ಮಿರು” ಎನ್ನುವರು. ತಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. “ಬರೆದಿಡು” ಎಂಬುದಕ್ಕೆ “ಕೈತೆ ಒಕು”. ಒಕು ಎಂದರೆ ಇಡು. “ತಿಂದುಬಿಡು” ಎಂಬಲ್ಲಿ ಅವರ ಸಹಾಯಕ ಕ್ರಿಯೆ “ಬಿಡು” ಅಲ್ಲ, “ಮುಗಿಸು” ಎಂಬರ್ಥದ “ಶಿಮವು”. ಆದರೆ ಭಾವ ಅದೇ. ಅಲ್ಲಿ ಕೊಕೊ, ಸೊಕೊ, ಅಸೊಕೊ ಎಂದು ಸ್ಥಳಸೂಚಕಗಳು ಮೂರು: ನನ್ನ ಬಳಿ, ನಿನ್ನ ಬಳಿ, ಇಬ್ಬರಿಗೂ ದೂರ. ಇಂದಿನ ಕನ್ನಡದಲ್ಲಿ ಇಲ್ಲಿ, ಅಲ್ಲಿ ಎಂದು ಎರಡೇ. ಹಳಗನ್ನಡದಲ್ಲಾದರೋ ಇವಂ, ಅವಂಗಳ ನಡುವೆ ಉವಂ ಎಂಬುದೂ ಇದ್ದಿತು.

ಇಂತಹ ಹೋಲಿಕೆಗಳನ್ನು ಕಂಡು ಓನೋ ಸುಸುಮು ಎಂಬ ಜಪಾನೀ ಪಂಡಿತರು ತಮಿಳಿಗೂ ಜಪಾನಿಗೂ ರಕ್ತಸಂಬಂಧವೇ ಉಂಟೆಂದು ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ರಚನೆ ಒಂದಾದ ಮಾತ್ರಕ್ಕೆ ವಂಶ ಒಂದಾಗಬೇಕಾಗಿಲ್ಲ; ಹಕ್ಕಿಗೂ ಬಾವಲಿಗೂ ರೆಕ್ಕೆಯುಂಟು. ನಮ್ಮ ಪ್ರಕೃತಕ್ಕೆ ಬೇಕಾದುದು ಇಷ್ಟೆ: ನನ್ನ ಜಪಾನೀ ವ್ಯಾಕರಣವನ್ನು ನಾನು ಹತ್ತು ವರ್ಷವೂ ಕನ್ನಡದ ರೂಪದಲ್ಲಿ ದಿನವೂ ಬಳಸುತ್ತಿದ್ದೆನು. ಹಾಗಿರುವಾಗ ಅದು ಮರೆಯುವುದಾದರೂ ಹೇಗೆ? ಕಾಂಜಿಗಳಿಗೆ ಅಂತಹ ಆಸರೆಯಿರಲಿಲ್ಲ. ನಾನು ಅವುಗಳನ್ನು ಗೆರೆಗಳ ಗೋಜಲೆಂದು ಬಗೆದು ಉರುಹೊಡೆದಿದ್ದೆ. ಅವು ಎಬಿಂಗ್‌ಹೌಸನ ಅರ್ಥಹೀನ ಪದಾಂಶಗಳಂತೆಯೇ ಅಳಿದುವು.

ಆಸರೆ ಇಲ್ಲವೆಂದಲ್ಲ, ನಾನು ಹುಡುಕಿರಲಿಲ್ಲ. ವಿದ್ಯುತ್ತನ್ನು ಸೂಚಿಸುವ “ದೆನ್” ಎಂಬ ಚಿಹ್ನೆಯ ತಲೆಯ ಮೇಲೆ ಮಳೆಯ ಚಿಹ್ನೆ ಕುಳಿತಿದೆ. ಮೋಡ, ಹಿಮ, ಗುಡುಗು ಇವುಗಳ ಚಿಹ್ನೆಗಳಲ್ಲಿಯೂ ಅದೇ ಮಳೆ. “ದೆನ್‌ಶಿ” ಎಲೆಕ್ಟ್ರಾನ್, “ದೆನ್‌ವಾ” ದೂರವಾಣಿ, ಎಂದರೆ ಮಿಂಚಿನ ಮಾತು, “ದೆನ್‌ಚಿ” ವಿದ್ಯುತ್ಕೋಶ, ಎಂದರೆ ಮಿಂಚಿನ ಕೊಳ. ಹೈಡ್ರೊಜನ್ನಿಗೆ “ಸುಯಿಸೊ”, ಎಂದರೆ ನೀರಿನ ಮೂಲವಸ್ತು, ನಮ್ಮ ಜಲಜನಕ. ಆಕ್ಸಿಜನ್ನಿಗೆ “ಸಾನ್‌ಸೊ”, ಹುಳಿಯ ಮೂಲವಸ್ತು, ನಮ್ಮ ಆಮ್ಲಜನಕ. ಈ ಪದಗಳನ್ನು ಡಚ್ ಪುಸ್ತಕಗಳ ಆಧಾರದಿಂದ ಟಂಕಿಸಿದವರು ಉದಗಾವಾ ಯೋಆನ್, 19ನೆಯ ಶತಮಾನದ ಪೂರ್ವಾರ್ಧದಲ್ಲಿ. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಕಾರಣವೆಂಬ ಲವಾಸಿಯೆಯ ತಪ್ಪು ಹೀಗೆ ಜಪಾನಿಯಲ್ಲಿಯೂ ಕನ್ನಡದಲ್ಲಿಯೂ ಅಮರವಾಗಿದೆ! ನೈಟ್ರೊಜನ್ನಿನಲ್ಲಿ ಮಾತ್ರ ದಾರಿ ಬೇರೆ. ನಾವು ಸಾರಜನಕವೆಂದರೆ ಅವರು ಉಸಿರುಕಟ್ಟಿಸುವ ಮೂಲವಸ್ತು ಎಂದರು. ಈ ಬಗೆಯಲ್ಲಿ ಬಿಡಿಸಿ ನೋಡತೊಡಗಿದ ಮೇಲೆ ಕಾಂಜಿಗಳು ಕೈಬಿಟ್ಟು ಹೋಗುವುದು ಕಡಮೆಯಾಯಿತು.

ಮರುಕಲಿಕೆ ಏಕೆ ಬೇಗ ಸಾಗುವುದೆಂಬುದಕ್ಕೆ ಮಿದುಳಿನಲ್ಲಿಯೇ ಒಂದು ಸುಳಿವು ದೊರೆತಿದೆ. ಜರ್ಮನಿಯಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಇಲಿಯ ಒಂದು ಕಣ್ಣನ್ನು ಕೆಲವು ದಿನ ಮುಚ್ಚಿದಾಗ, ದೃಷ್ಟಿಗೆ ಸಂಬಂಧಿಸಿದ ನರಕೋಶಗಳ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು ಮೂಡಿದುವು. ಇನ್ನೊಂದು ನರಕೋಶದೊಡನೆ ಸಂಪರ್ಕ ಕಲ್ಪಿಸುವುದು ಇಂತಹ ಮುಳ್ಳುಗಳೇ. ಕಣ್ಣನ್ನು ತೆರೆದ ಮೇಲೆ ದೃಷ್ಟಿ ಮೊದಲಿನಂತಾಯಿತು. ಆದರೆ ಮುಳ್ಳುಗಳು ಹೋಗಲಿಲ್ಲ. ಮತ್ತೆ ಅದೇ ಕಣ್ಣನ್ನು ಮುಚ್ಚಿದಾಗ ಮಿದುಳು ಮೊದಲಿಗಿಂತ ಬೇಗ ಹೊಂದಿಕೊಂಡಿತು. ಮುಳ್ಳುಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಇಲಿಯ ಕಣ್ಣಿಗೂ ಮನುಷ್ಯನ ಭಾಷಾಭ್ಯಾಸಕ್ಕೂ ಅಂತರವಿದೆಯೆಂಬುದನ್ನು ಮರೆಯಬಾರದು.

ಇನ್ನು ವಿಧಾನದ ಮಾತು. ನಾನು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುವುದು ಲೇಸು. ಹಳೆಯ ಪಠ್ಯಪುಸ್ತಕವನ್ನು ಒಂದನೆಯ ಪಾಠದಿಂದ ಓದತೊಡಗಿದೆ. ಎಲ್ಲವೂ ತಿಳಿದಂತೆಯೇ ತೋರಿತು. ಹತ್ತು ಪಾಠಗಳನ್ನು ಒಂದು ಭಾನುವಾರ ಓದಿ ಹಿಗ್ಗಿದೆ. ಪುಸ್ತಕವನ್ನು ಮುಚ್ಚಿ ಬರೆಯಲು ಕುಳಿತಾಗ ಲೇಖನಿ ಮುಂದೆ ಸಾಗಲಿಲ್ಲ. ಗುರುತಿಸುವುದು ಬೇರೆ, ನೆನೆದು ಹೇಳುವುದು ಬೇರೆ. ಜಪಾನಿಯರಿಗೇ ಈ ಕಷ್ಟವುಂಟು. ಜಪಾನೀ ಲಿಪಿಯ ಬರಹಯಂತ್ರಗಳು ಬಳಕೆಗೆ ಬಂದ ಮೇಲೆ, ಓದಬಲ್ಲ ಕಾಂಜಿಗಳನ್ನು ಕೈಯಿಂದ ಬರೆಯಲಾರದವರು ಹೆಚ್ಚಿದರು. ಅಂತಹವರನ್ನು “ವಾಪುರೊ ಬಾಕ” ಎಂದು ಹಾಸ್ಯಮಾಡುವರು. ಬಾಕ ಎಂದರೆ ದಡ್ಡ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಅಳೆದರು. ಪಾಠವನ್ನು ಓದಿ ಮತ್ತೆ ಓದಿದವರು, ಓದಿ ಪುಸ್ತಕ ನೋಡದೆ ನೆನೆದು ಬರೆದವರು, ಎಂದು ವಿದ್ಯಾರ್ಥಿಗಳಲ್ಲಿ ಎರಡು ಗುಂಪು. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ ಮೊದಲನೆಯವರೇ ಮುಂದು. ವಾರದ ಮೇಲೆ ಅವರಿಗೆ ನೂರಕ್ಕೆ 42ರಷ್ಟು ನೆನಪು. ನೆನೆದು ಬರೆದವರಿಗೆ 56. ಪರೀಕ್ಷೆಯ ಹಿಂದಿನ ರಾತ್ರಿ ಓದುವವರು ಮೊದಲ ಅಂಕಿಯಿಂದ ಮೋಸಹೋಗುವರೆಂದು ನನ್ನ ಅನುಮಾನ. ಬಿಡುವು ಕೊಟ್ಟು ಓದುವುದರ ಲಾಭವನ್ನಾದರೋ ಎಬಿಂಗ್‌ಹೌಸನೇ ಕಂಡಿದ್ದನು. ಒಂದೇ ದಿನ ಮಾಡಿದ 68 ಆವೃತ್ತಿಗಳ ಕೆಲಸವನ್ನು ಮೂರು ದಿನಗಳಿಗೆ ಹಂಚಿದ 38 ಆವೃತ್ತಿಗಳು ಮಾಡಿದ್ದುವು.

ಇವೆರಡನ್ನೂ ಕೂಡಿಸುವ ಸುಲಭ ಸಾಧನವೆಂದರೆ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದ ಪೆಟ್ಟಿಗೆ. ನಾನು ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಐದು ಖಾನೆಗಳನ್ನು ಮಾಡಿದೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿಗಳನ್ನು ಮಾಡಿದೆ. ಒಂದು ಬದಿಗೆ ಅರ್ಥ, ಇನ್ನೊಂದು ಬದಿಗೆ ಕಾಂಜಿ. ಚೀಟಿಗಳೆಲ್ಲ ಮೊದಲ ಖಾನೆಯಿಂದ ಹೊರಡುವುವು. ಸರಿಯಾಗಿ ಬರೆದರೆ ಚೀಟಿ ಮುಂದಿನ ಖಾನೆಗೆ ಹೋಗುವುದು; ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ ಮರಳುವುದು. ಮೊದಲ ಖಾನೆಯನ್ನು ದಿನವೂ, ಮುಂದಿನವುಗಳನ್ನು ಹೆಚ್ಚುಹೆಚ್ಚು ಬಿಡುವು ಕೊಟ್ಟೂ ನೋಡುವುದು. ಅರ್ಧಾಯು ಬೆಳೆದಂತೆ ಭೇಟಿಯ ನಡುವಣ ಅಂತರವೂ ಬೆಳೆಯುವುದೆಂಬುದನ್ನು ಗಮನಿಸಿ. ಈಗ ಇದೇ ಕೆಲಸವನ್ನು ಮಾಡುವ ಗಣಕ ಕ್ರಮವಿಧಿಗಳೂ ಇವೆ, ಅವು ಒಳ್ಳೆಯವೇ. ಆದರೆ ಕೈಯಿಂದ ಬರೆಯುವವನಿಗೆ ರಟ್ಟು ವಾಸಿಯೆಂದು ನನ್ನ ಮತ.

ಕಲನಶಾಸ್ತ್ರದ ಆ ವಿದ್ಯಾರ್ಥಿಯನ್ನು ಮತ್ತೆ ಕರೆಸಿದೆ. ಈ ಸಲ ಧೈರ್ಯದ ಮಾತನ್ನು ಹೇಳಲಿಲ್ಲ. ಎರಡು ವರ್ಷದ ಹಿಂದಿನ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, ಪುಸ್ತಕ ನೋಡದೆ ಬಿಡಿಸಿ ತರುವಂತೆ ಹೇಳಿದೆ. ಹತ್ತರಲ್ಲಿ ಮೂರನ್ನು ಬಿಡಿಸಿದ್ದನು. ಮರೆತ ಏಳರಲ್ಲಿ ಆರು ಸಮಾಕಲನಕ್ಕೆ ಸೇರಿದ್ದುವು. ಅವಕಲನ ಹೆಚ್ಚುಕಡಮೆ ಹಾಗೆಯೇ ಇದ್ದಿತು. ಆದುದರಿಂದ ಅವನು ಮೊದಲ ಪುಟದಿಂದ ತೊಡಗಬೇಕಾದ ಕಾರಣವಿರಲಿಲ್ಲ. ಸಮಾಕಲನದ ಚೀಟಿಗಳಿಗಾಗಿ ನನ್ನಲ್ಲಿ ಉಳಿದಿದ್ದ ಲಗ್ನಪತ್ರಿಕೆಗಳನ್ನು ಅವನಿಗೆ ಕೊಟ್ಟೆ.

ತೊಮೊನಾಗಾ ಅವರು ಎಲೆಕ್ಟ್ರಾನಿನ ಭ್ರಮಣವನ್ನು ಕುರಿತು ಬರೆದ ಪುಸ್ತಕ 1974ರಲ್ಲಿ ಪ್ರಕಟವಾದುದು. ಅದರ ಇಂಗ್ಲಿಷ್ ಅನುವಾದವೂ 1997ರಲ್ಲಿ ಬಂದಿದೆ. ಅದನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಮೂಲದ ಮೊದಲ ಪುಟಕ್ಕೆ ನನಗೆ ಐದು ಸಂಜೆಗಳು ಹಿಡಿದುವು, ಎರಡನೆಯದಕ್ಕೆ ನಾಲ್ಕು. ಶಕ್ತಿ ಎಂಬುದಕ್ಕೆ ಅವರು ಜರ್ಮನ್ ಪದದಿಂದ ಬಂದ “ಎನೆರುಗೀ” ಎಂಬುದನ್ನು ಬಳಸುವರಾದುದರಿಂದ ಅಂತಹ ಕಡೆ ತೊಂದರೆಯಿಲ್ಲ. ಈಗ ಒಂಬತ್ತನೆಯ ಪುಟದಲ್ಲಿದ್ದೇನೆ. ಕಳೆದ ವಾರ ಒಂದು ಪುಟ ಎರಡು ಸಂಜೆಗಳಲ್ಲಿ ಮುಗಿಯಿತು. “ಅಭಿಪ್ರಾಯ” ಎಂಬರ್ಥದ ಕಾಂಜಿಯ ಚೀಟಿಯೊಂದು ಮಾತ್ರ ಎಷ್ಟು ಸಲ ಮುಂದೆ ಹೋದರೂ ಮೊದಲ ಖಾನೆಗೇ ಮರಳುತ್ತಿದೆ.